ವಿಭೂತಿ ಬುಧವಾರ

ಆ ಮನೆಯಲ್ಲಿ ಗ್ಯಾಸ್ ಒಲೆ ಎರಡು, ಉಪ್ಪಿನ ಡಬ್ಬಿ ಎರಡು, ಕುಡಿಯುವ ನೀರಿನ ಕೊಡ ಎರಡು. ಜನ ಮಾತ್ರ ನಾಲ್ಕೇ. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮೂರು ಕೋಣೆ, ಹಿಂದೆ ತಗಡು ಹೊದಿಸಿದ ಜಗಲಿ ಇರುವ ಸಾಧಾರಣ ಮನೆ. ಒಳಗಿನ ಒಲೆ ಅತ್ತೆ ನೀಲಾಂಬಿಕಮ್ಮನವರದು. ಹಿಂದಿನ ಜಗಲಿಯ ಒಲೆ ಸೊಸೆ ಎಮಿಲ್ಡಾಳದು.

ಹೀಗಾದದ್ದು ಜಗಳದಿಂದಲ್ಲ. ನೀಲಾಂಬಿಕಮ್ಮ ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ಒಂದು ಗುಟುಕು ನೀರೂ ಹಾಕುವವರಲ್ಲ. ಲಿಂಗ ಕಟ್ಟದವರು ಅವರ ಪಾಲಿಗೆ ಭವಿ. ಭವಿಯ ಕೈಯಡಿಗೆಯನ್ನು ಅವರ ಅಜ್ಜಿ ಉಂಡಿರಲಿಲ್ಲ, ತಾಯಿ ಉಂಡಿರಲಿಲ್ಲ, ಅವರೂ ಉಣ್ಣುವುದಿಲ್ಲ. ಮಗ ಸಂಗಮೇಶ್ ಮೂರು ವರ್ಷದ ಹಿಂದೆ ಸೊರಬದ ಗಾರೆ ಮೇಸ್ತ್ರಿ ಅಂತೋನಿಯ ಮಗಳನ್ನು ರಿಜಿಸ್ಟರ್ ಮದುವೆಯಾಗಿ ಕರೆದುಕೊಂಡು ಬಂದಾಗ ಅವರು ಕೂಗಾಡಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಹಿಂದಿನ ಜಗಲಿ ಗುಡಿಸಿಸಿ ಒಂದು ಒಲೆ ಹಾಕಿಸಿಕೊಟ್ಟರು, ಅಷ್ಟೇ. "ಬೇವಿನ ಗಿಡದಾಗ ಮಾವು ಬಿಡಲ್ಲ ಅಂದ್ರೆ ಬೇವಿಗೆ ಬೈದಂಗೇನು?" ಎಂದು ಬೀದಿಯವರಿಗೆ ಹೇಳಿದರು.

ಸಂಗಮೇಶ್ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ಬೆಳಿಗ್ಗೆ ಹೆಂಡತಿಯ ಒಲೆಯ ಚಹಾ ಕುಡಿದು, ಮಧ್ಯಾಹ್ನ, ರಾತ್ರಿ ತಾಯಿಯ ಪಂಕ್ತಿಯಲ್ಲಿ ಉಣ್ಣುತ್ತಿದ್ದ. "ಅವ್ವನ ಮನಸ್ಸು ನೋಯ್ಬಾರ್ದು ನೋಡು" ಎನ್ನುತ್ತಿದ್ದ. ಹೆಂಡತಿಗೂ ಮನಸ್ಸೆಂಬುದು ಇದೆಯೆಂದು ಅವನಿಗೆ ಗೊತ್ತಿತ್ತು. ಆದರೆ ಅದು ಅಷ್ಟು ಬೇಗ ನೋಯುವಂಥದ್ದಲ್ಲ ಎಂದುಕೊಂಡಿದ್ದ. ಹೀಗೆ ಮೂರು ವರ್ಷ ಎಮಿಲ್ಡಾ ತಾಟು ಹಿಡಿದು ಕೂತಾಗ ಎದುರಿಗಿದ್ದದ್ದು ಬಟ್ಟೆ ಒಗೆಯುವ ಕಲ್ಲು. ಅವಳು ಹುಟ್ಟಿದ ಮನೆಯಲ್ಲಿ ಏಳು ಜನ ಒಟ್ಟಿಗೆ ಕೂತು, ಅಪ್ಪ ಪ್ರಾರ್ಥನೆ ಹೇಳಿದ ಮೇಲೆ, ಮೀನಿನ ದೊಡ್ಡ ತುಂಡಿಗೆ ಕಿತ್ತಾಡಿಕೊಂಡು ಉಣ್ಣುವುದು ರೂಢಿ. ಇಲ್ಲಿ ಅವಳು ಪ್ರಾರ್ಥನೆ ಹೇಳಿಕೊಂಡು, ತನಗೆ ತಾನೇ ಬಡಿಸಿಕೊಂಡು, ಬೇಗ ಬೇಗ ಉಂಡು ಏಳುತ್ತಿದ್ದಳು. ಒಬ್ಬಳೇ ಉಣ್ಣುವವಳಿಗೆ ನಿಧಾನವಾಗಿ ಉಣ್ಣುವುದು ಕಷ್ಟ.

ಫೆಬ್ರವರಿ ಮೊದಲ ವಾರ ನೀಲಾಂಬಿಕಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡರು. ಆರು ವಾರ ಪ್ಲಾಸ್ಟರ್ ಎಂದರು ಡಾಕ್ಟರು. ಅವರಿಗೆ ನೋವಿಗಿಂತ ದೊಡ್ಡ ಚಿಂತೆ ಬೇರೆಯದಿತ್ತು. ಇಷ್ಟಲಿಂಗವನ್ನು ಇಟ್ಟು ಪೂಜಿಸುವುದು ಎಡಗೈಯ ಅಂಗೈಯಲ್ಲಿ. ಆ ಅಂಗೈ ಈಗ ಸುಣ್ಣದ ಗೂಡಿನಲ್ಲಿತ್ತು. ಕೊನೆಗೆ ಗಂಡ ಮಹೇಶ್ವರಪ್ಪನವರನ್ನು ಸ್ನಾನ ಮಾಡಿಸಿ, ಎದುರಿಗೆ ಕೂರಿಸಿಕೊಂಡು, ಅವರ ಅಂಗೈಯನ್ನೇ ಪೀಠ ಮಾಡಿಕೊಂಡರು.

"ಕೈ ಅಲ್ಲಾಡಿಸಬ್ಯಾಡ್ರೀ!"

"ಮೂವತ್ತು ವರ್ಷ ಬಸ್ಸಾಗೆ ನಿಂತೋನು ಕಣೇ. ಕೈ ತಾನೇ ಅಲ್ಲಾಡ್ತತಿ."

ಮಹೇಶ್ವರಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಕಂಡ ಕಂಡ ಊರಿನ ಹೋಟೆಲಿನಲ್ಲಿ ಉಂಡವರಿಗೆ ಭವಿ ಯಾರು, ಭಕ್ತ ಯಾರು? ಹೆಂಡತಿಯ ಕೈ ಮುರಿದ ದಿನವೇ ಸೊಸೆಯ ಒಲೆಯ ಅನ್ನವನ್ನು ತಾಟಿಗೆ ಹಾಕಿಸಿಕೊಂಡು ಟಿವಿ ಮುಂದೆ ಕೂತರು. ನೀಲಾಂಬಿಕಮ್ಮ ಮಾತ್ರ ಜಗ್ಗಲಿಲ್ಲ. ಹಾಲು, ಬಾಳೆಹಣ್ಣು, ಮಂಡಕ್ಕಿ. ಖಾನಾವಳಿಯಿಂದ ಬುತ್ತಿ ತರಿಸಿದರೆ, "ಯಾರು ಬೇಯಿಸಿದ್ರೋ ಯಾರು ಕಂಡಾರೆ" ಎಂದು ಮುಚ್ಚಳವನ್ನೇ ತೆಗೆಯಲಿಲ್ಲ. ತೊಗರ್ಸಿಗೆ ಕೊಟ್ಟ ಮಗಳು ಗಂಗಾಶ್ರೀ, ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಬರಲಾರೆ ಎಂದು ಫೋನಿನಲ್ಲಿ ಅತ್ತಳು.

ಎಮಿಲ್ಡಾ ಬಿಸಿನೀರು ಕಾಯಿಸಿ ಕೊಡುತ್ತಿದ್ದಳು, ಸೀರೆ ಒಗೆಯುತ್ತಿದ್ದಳು, ತೋಳು ಹಿಡಿದು ಬಚ್ಚಲಿಗೆ ಕರೆದೊಯ್ಯುತ್ತಿದ್ದಳು. ಸ್ನಾನಕ್ಕೆ ಮುಂಚೆ ಅವಳು ಸೊಸೆ, ಸ್ನಾನವಾದ ಮೇಲೆ ಭವಿ. ಅತ್ತೆಯ ಜಾತಿಯವರೇ ಯಾರಾದರೂ ಅಡಿಗೆ ಮಾಡಿಕೊಟ್ಟಾರೆಂದು ತಾನೇ ಬೀದಿಯ ಮನೆ ಮನೆಗೆ ಹೋಗಿ ಕೇಳಿಕೊಂಡಳು. ಮೂರನೇ ಮನೆಯ ಚೈತ್ರಶ್ರೀ ಎರಡು ದಿನ ಬಂದು ಬೇಯಿಸಿಕೊಟ್ಟು, ನಂಟರ ನಾಮಕರಣವೆಂದು ಊರಿಗೆ ಹೋದವಳು ಅಲ್ಲೇ ಉಳಿದಳು. ಉಳಿದವರು, "ಸೊಸಿ ನೀನೇ ಇದ್ದೀಯಲ್ಲ" ಎಂದು ನಕ್ಕು ಕಳಿಸಿದರು.

ಎಮಿಲ್ಡಾ ಮನೆಯಲ್ಲಿ ರವಿಕೆ ಹೊಲಿಯುವವಳು. ಅಳತೆ ಅವಳ ಕಣ್ಣಿಗೆ ತಾನಾಗಿ ಬೀಳುತ್ತದೆ. ಒಂಬತ್ತನೆಯ ದಿನ ಅತ್ತೆಯ ರವಿಕೆಯ ತೋಳು ಒಂದು ಬೆರಳಷ್ಟು ಸಡಿಲಾಗಿದ್ದು ಕಂಡಿತು.

"ಅತ್ತೆ, ನಾಳೆ ವಿಭೂತಿ ಬುಧವಾರ. ಸೊರಬಕ್ಕೆ ಹೋಗಿ ಬರ್ತೀನಿ. ಮಧ್ಯಾಹ್ನದೊಳಗೆ ಬಂದ್ಬಿಡ್ತೀನಿ" ಎಂದಳು.

"ಏನು ಬುಧವಾರ?"

"ವಿಭೂತಿ ಬುಧವಾರ."

ನೀಲಾಂಬಿಕಮ್ಮ ಏನೋ ಕೇಳಹೊರಟು, ಕೈ ನೋವಿಗೆ ಮುಖ ಕಿವುಚಿ ಮಗ್ಗುಲು ಬದಲಿಸಿದರು.

ಕ್ರೈಸ್ತರಿಗೆ ಅದು ನಲವತ್ತು ದಿನದ ತಪಸ್ಸಿನ ಕಾಲ ಶುರುವಾಗುವ ದಿನ. ಅಂದು ಬೂದಿಯಿಂದ ಹಣೆಗೆ ಶಿಲುಬೆ ಬರೆಯುತ್ತಾರೆ. ಆ ನಲವತ್ತು ದಿನ ಒಬ್ಬೊಬ್ಬರು ಒಂದೊಂದು ಬಿಡುತ್ತಾರೆ, ಹೆಚ್ಚಿನವರು ಮಾಂಸ, ಮೀನು. ಮೂರು ವರ್ಷದಿಂದ ಮೀನಿನ ವಾಸನೆಯನ್ನೇ ಕಾಣದ ಎಮಿಲ್ಡಾಗೆ ಬಿಡಲು ಅದೇನೂ ಉಳಿದಿರಲಿಲ್ಲ. ಯೋಚಿಸಿ ಯೋಚಿಸಿ, ಈ ಸಲ ಎದುರು ಮಾತು ಬಿಡುತ್ತೇನೆ ಎಂದು ಹರಕೆ ಹೊತ್ತಳು. ಮುಖ್ಯವಾಗಿ ಗಂಡನಿಗೆ ಆಡುತ್ತಿದ್ದ ಎದುರು ಮಾತು.

ಉಪವಾಸವಿದ್ದದ್ದು ಜನಕ್ಕೆ ತೋರಬಾರದು, ಮುಖ ತೊಳೆದುಕೊಂಡು ಓಡಾಡಿ ಎಂದು ಅದೇ ದಿನ ಚರ್ಚಿನಲ್ಲಿ ಓದುತ್ತಾರೆ. ಹಿಂದಿನ ವರ್ಷಗಳಲ್ಲಿ ಎಮಿಲ್ಡಾ ವಾಪಸು ಬರುವ ಬಸ್ಸು ಶಿರಾಳಕೊಪ್ಪ ದಾಟುವಷ್ಟರಲ್ಲಿ ಸೆರಗಿನಿಂದ ಹಣೆ ಒರೆಸಿಕೊಂಡುಬಿಡುತ್ತಿದ್ದಳು. ಈ ಸಲ ಅಮ್ಮನ ಹಿತ್ತಲಿನ ಪುಟ್ಟಬಾಳೆಯ ಗೊನೆಯೊಂದು ತೊಡೆಯ ಮೇಲಿತ್ತು. ಅತ್ತೆ ತನ್ನ ಕೈಯಿಂದ ತೆಗೆದುಕೊಳ್ಳುವುದು ಹಣ್ಣೊಂದನ್ನೇ ಎಂದು ಹೊತ್ತು ತಂದದ್ದು. ಬಸ್ಸು ಎತ್ತಿಹಾಕಿದಂತೆಲ್ಲ ಗೊನೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಹಣೆಯ ವಿಚಾರ ಮರೆತೇಬಿಟ್ಟಳು. ಬೆವರಿಗೆ ಶಿಲುಬೆ ಕದಡಿ ಅಡ್ಡಡ್ಡ ಹರಡಿತ್ತು.

ಪಡಸಾಲೆಯಲ್ಲಿ ಮಂಚದ ಮೇಲೆ ಒರಗಿದ್ದ ನೀಲಾಂಬಿಕಮ್ಮ ಎದ್ದು ಕೂತರು.

"ಏನದು ಹಣಿ ಮ್ಯಾಲೆ?"

"ವಿಭೂತಿ ಅತ್ತೆ."

"ಯಾರು ಹಚ್ಚಿದ್ರು?"

"ಸ್ವಾಮಿಗಳು." ಸೊರಬದಲ್ಲಿ ಅವಳ ಮನೆಯವರು ಪಾದ್ರಿಗಳನ್ನು ಹಾಗೆಯೇ ಕರೆಯುವುದು.

"ಏನಾರ ಹೇಳಿದ್ರಾ?"

"ಮಣ್ಣಿಂದ ಬಂದೀಯ, ಮಣ್ಣಿಗೇ ಹೋಗ್ತೀಯ, ಮರೀಬೇಡ ಅಂದ್ರು."

ನೀಲಾಂಬಿಕಮ್ಮನವರ ಕಣ್ಣು ಅರಳಿತು. "ಹೌದಲ್ಲ ಮತ್ತೆ! ನಮ್ಮಲ್ಲೂ ಮಣ್ಣೇ. ಸುಡಾದಿಲ್ಲ ನಾವು." ಗೊನೆ ಕೆಳಗಿಡಲೂ ಬಿಡದೆ ಕೇಳಿದರು, "ಯಾಕವ್ವ, ಮೊದಲೇ ಹೇಳಬಾರ್ದೇನು? ನಾನೇ ನಮ್ಮ ಅಯ್ಯನೋರ ಹತ್ರ ಕರಕಂಡು ಹೋಗ್ತಿದ್ದೆ. ಇರಲಿ, ಎಲ್ಲಿ ಸಿಕ್ಕರೂ ಗುರುವೇ. ಅಡಿಗಿ ಏನು ಮಾಡೀಯ?"

"ಬೆಳಿಗ್ಗೆ ಮಾಡಿಟ್ಟು ಹೋಗಿದ್ದೆ. ಅನ್ನ, ಹೆಸರುಬೇಳೆ ಸಾರು."

"ಬಿಸಿ ಮಾಡು. ನಂಗೂ ಒಂದು ತಾಟು ಹಾಕು."

ತಾನು ಮಠದ ಸ್ವಾಮಿಗಳಿಂದ ವಿಭೂತಿ ಹಚ್ಚಿಸಿಕೊಂಡು ಬಂದೆನೆಂದು ಅತ್ತೆ ನಂಬಿದ್ದಾರೆಂದು ಆಗ ಎಮಿಲ್ಡಾಗೆ ತಿಳಿಯಿತು. ಆಡಿದ ಒಂದೊಂದು ಮಾತೂ ನಿಜ, ಆದದ್ದು ಮಾತ್ರ ಸುಳ್ಳು. ಬಾಯಿ ತೆರೆದಳು. ಬಾಗಿಲ ಬಳಿ ಊಟಕ್ಕೆಂದು ಬಂದು ನಿಂತಿದ್ದ ಸಂಗಮೇಶ್ ಕಣ್ಣಲ್ಲೇ ಬೇಡವೆಂದ. ಅತ್ತೆಯ ಸಡಿಲವಾದ ತೋಳು ಕಂಡಿತು. ಅವಳು ಸಾರು ಬಿಸಿ ಮಾಡಲು ಹೋದಳು.

ನೀಲಾಂಬಿಕಮ್ಮ ಎರಡು ಸಲ ಅನ್ನ ಹಾಕಿಸಿಕೊಂಡರು. "ವಿಭೂತಿ ಬಂತಂದ್ರೆ ಲಿಂಗ ಬಂದಂಗೇ. ಭಕ್ತರನ್ನ ಕಾಯೋ ಅಷ್ಟಾವರಣದಾಗ ಅದೂ ಒಂದು" ಎಂದು ಗಂಡನಿಗೆ ವಿವರಿಸಿದರು. ಒಂಬತ್ತು ದಿನದ ಹಸಿವೂ ಸ್ವಲ್ಪ ಶಾಸ್ತ್ರ ಓದಿಕೊಂಡಿರಬೇಕು. ಕೊನೆಗೆ, "ಸಾರಿಗೆ ಹುಳಿ ಜಾಸ್ತಿ" ಎಂದರು. ಮೂರು ವರ್ಷದಲ್ಲಿ ಅತ್ತೆ ಅವಳ ಅಡಿಗೆಗೆ ಇಟ್ಟ ಮೊದಲ ಹೆಸರು ಅದು. ಎಮಿಲ್ಡಾಗೆ ಅಳು ಬಂತು.

ಹಿಂದಿನ ಜಗಲಿಯಲ್ಲಿ ಗಂಡನಿಗೆ ಹೇಳಿದಳು, "ಇದು ಮೋಸ ಆಯ್ತಲ್ರೀ."

"ಯಾವುದು ಮೋಸ? ಅದು ವಿಭೂತಿ ಅಲ್ಲೇನು? ಸ್ವಾಮಿಗಳು ಹಚ್ಚಲಿಲ್ಲೇನು?"

"ಅವರು ತಿಳ್ಕಂಡಿರದು ಬೇರೆ."

"ತಿಳ್ಕಳ್ಳಲಿ. ಅವ್ವ ಇವತ್ತು ಉಂಡಾಳೆ. ನಿಮ್ಮ ಯೇಸು ಹಸಿದೋರಿಗೆ ಅನ್ನ ಹಾಕು ಅಂದಾನೋ ಇಲ್ಲೋ?"

ಎಮಿಲ್ಡಾ ಅದಕ್ಕೊಂದು ಉತ್ತರ ಕೊಡಬಹುದಿತ್ತು. ಹರಕೆ ನೆನಪಾಗಿ ನುಂಗಿಕೊಂಡಳು. ಸೊರಬಕ್ಕೆ ಫೋನ್ ಮಾಡಿದರೆ ಅವಳಮ್ಮನೂ ಅದನ್ನೇ ಹೇಳಿದರು. "ಅವರು ಉಣ್ಲಿ ಮಾರಾಯ್ತಿ. ಪ್ಲಾಸ್ಟರ್ ತೆಗೆದ ಮೇಲೆ ನಿಧಾನಕ್ಕೆ ಹೇಳಿದ್ರಾತು. ಮುದುಕಿನ ಉಪವಾಸ ಕೆಡವಿ ನಿಂಗೆ ಎಂತ ಆಗ್ಬೇಕು?"

ಮಾರನೆಯ ಬೆಳಿಗ್ಗೆ ಎಮಿಲ್ಡಾಳ ಹಣೆ ಖಾಲಿಯಿರುವುದನ್ನು ಕಂಡು ನೀಲಾಂಬಿಕಮ್ಮ, "ಒಂದಿನ ಹಚ್ಕಂಡ್ರೆ ಆತೇನು? ಬಾ ಇಲ್ಲಿ" ಎಂದರು. ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಬಲಗೈಯ ಮೂರು ಬೆರಳಿನಿಂದ ಅವಳ ಹಣೆಗೆ ಎಳೆದರು. ಬೆರಳು ಒರಟಾಗಿತ್ತು, ತಣ್ಣಗಿತ್ತು. ಅವರ ತೋಳನ್ನು ಇವಳು ಎಷ್ಟೋ ಸಲ ಹಿಡಿದಿದ್ದಳು. ಅವರಾಗಿ ಇವಳನ್ನು ಮುಟ್ಟಿದ್ದು ಅದೇ ಮೊದಲು. ತಪ್ಪೆಂದು ಗೊತ್ತಿದ್ದೂ ಎಮಿಲ್ಡಾ ಕಣ್ಣು ಮುಚ್ಚಿ ಹಣೆ ಒಡ್ಡಿ ನಿಂತಳು. ಆಮೇಲೆ ದಿನಾ ಆ ಹೊತ್ತಿಗೆ ಹೋಗಿ ನಿಲ್ಲತೊಡಗಿದಳು.

ಸುಮಾರು ಮೂರು ವಾರ ಒಂದೇ ಒಲೆ ಉರಿಯಿತು. ನಾಲ್ಕೂ ಜನ ಒಟ್ಟಿಗೆ ಕೂತರು. ನೀಲಾಂಬಿಕಮ್ಮ ಬದನೆಕಾಯಿ ಎಣ್ಣೆಗಾಯಿ ಹೇಗೆ ಮಾಡಬೇಕೆಂದು ಮಂಚದ ಮೇಲಿಂದಲೇ ಕೂಗಿ ಹೇಳಿಕೊಟ್ಟರು. ಬೀದಿಯವರನ್ನು ಕರೆದು ಕರೆದು ಸೊಸೆಯ ಹಣೆ ತೋರಿಸಿದರು. ಸಂಗಮೇಶ್ ಎರಡು ಕೇಜಿ ದಪ್ಪಗಾದ. ಎಮಿಲ್ಡಾ ಮಾತ್ರ ಸಂಜೆ ಜಪಮಾಲೆ ಹಿಡಿದರೆ ಮಣಿಯ ಎಣಿಕೆ ತಪ್ಪುತ್ತಿದ್ದಳು. ಮೊದಲು ಉಣ್ಣುವಾಗ ಒಬ್ಬಳೇ ಇರುತ್ತಿದ್ದಳು, ಪ್ರಾರ್ಥಿಸುವಾಗ ಅಲ್ಲ. ಈಗ ಊಟಕ್ಕೆ ಜೊತೆ ಸಿಕ್ಕಿತ್ತು, ಪ್ರಾರ್ಥನೆಯಲ್ಲಿ ಒಂಟಿಯಾಗಿದ್ದಳು. ಅದು ಹೆಚ್ಚು ಕಷ್ಟದ ಒಂಟಿತನ.

ಒಂದು ಮಧ್ಯಾಹ್ನ ಹೊಲಿಗೆ ಮೆಷಿನ್ ಹತ್ತಿರ ಮಹೇಶ್ವರಪ್ಪ ಬಂದು ಕೂತರು.

"ಏನವ್ವ, ಟಿಕೆಟ್ ತಗಂಡಿಲ್ಲೇನು?"

"ಎಂತ ಮಾವ?"

"ಟಿಕೆಟ್ ಇಲ್ದೆ ಕೂತೋರು ಕಂಡಕ್ಟರ್ ಮುಖ ನೋಡಲ್ಲ, ಕಿಟಕಿ ಹೊರಗೇ ನೋಡ್ತಿರ್ತಾರೆ. ನೀನು ಊಟಕ್ಕೆ ಕೂತಾಗ ಹಂಗೇ ನೋಡ್ತಿ."

ಎಮಿಲ್ಡಾಳ ಕೈ ಮೆಷಿನ್ನಿನ ಚಕ್ರದ ಮೇಲೆ ನಿಂತಿತು. "ನಿಮಗೆ ಗೊತ್ತಾ ಮಾವ?"

"ಅವತ್ತೇ ಗೊತ್ತು. ಸೊರಬದ ರೂಟಿನಾಗ ಎಷ್ಟು ವರ್ಷ ಮಾಡೀನಿ! ವರ್ಷಕ್ಕೊಂದು ಬುಧವಾರ ನಿಮ್ಮೋರೆಲ್ಲ ಹಣಿಗೆ ಬೂದಿ ಹಚ್ಕಂಡು ಬಸ್ ಹತ್ತತಿದ್ರು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಆಕಿ ಉಣ್ತಿದ್ಲಲ್ಲ. ನಂಗೂ ಜೊತಿಗೆ ಕೂತು ಉಣ್ಣೋದು ಚಂದ ಅನಿಸ್ತು" ಎಂದರು.

"ನೀವೇ ಹೇಳ್ಬಿಡಿ ಮಾವ. ನಾನು ಎದುರು ಮಾತಾಡಲ್ಲ ಅಂತ ಹರಕೆ ಹೊತ್ತೀನಿ."

"ನಲವತ್ತೈದು ವರ್ಷ ಆಕಿ ಜೊತೆ ಬಾಳ್ವೆ ಮಾಡೀನಿ. ಇನ್ನೂ ನಾಕು ದಿನ ಬದುಕಾಕೆ ಆಸೆ ಐತಿ ನಂಗೆ" ಎಂದು ಮಹೇಶ್ವರಪ್ಪ ಎದ್ದರು. ಹೋಗುವಾಗ ತಿರುಗಿ, "ಎದುರು ಮಾತು ಬೇರೆ ಕಣವ್ವ, ಮಾತು ಬೇರೆ" ಎಂದರು.

ಶಿವರಾತ್ರಿ ಆ ವರ್ಷ ಶುಕ್ರವಾರ ಬಂದಿತ್ತು. ಅದಕ್ಕೆ ಮೂರು ದಿನ ಮುಂಚೆ, ಬೆಳಿಗ್ಗೆ, ನೀಲಾಂಬಿಕಮ್ಮ ಸೊಸೆಯನ್ನು ಒಳಗೆ ಕರೆದು ಮಂಚದ ಮೇಲೆ ಕೂರಿಸಿದರು. ಟ್ರಂಕಿನ ತಳದಿಂದ ತೆಗೆದ ಬಟ್ಟೆಗಂಟನ್ನು ಹಲ್ಲಿನಿಂದ ಬಿಚ್ಚಿ, ಒಳಗಿದ್ದುದನ್ನು ಹಾಸಿಗೆಯ ಮೇಲಿಟ್ಟರು. ಬೆಳ್ಳಿಯ ಕರಡಿಗೆ. ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವುದು ಅದರೊಳಗೆ.

"ನಮ್ಮವ್ವಂದು. ಗಂಗಾ ಬೇಡಿದ್ಲು, ಕೊಡಲಿಲ್ಲ. ಆಕಿ ಲಿಂಗ ಹಬ್ಬಕ್ಕೊಂದಿನ ಕಟ್ಟಿಕೊಳ್ಳೋಳು. ಶಿವರಾತ್ರಿ ಬೆಳಿಗ್ಗೆ ಅಯ್ಯನೋರು ಬರ್ತಾರೆ. ನಿಂಗೆ ದೀಕ್ಷೆ ಆಗಲಿ, ಇದು ನಿಂದೇ."

ಎಮಿಲ್ಡಾ ಕರಡಿಗೆಯನ್ನು ಮುಟ್ಟಲಿಲ್ಲ.

"ಅತ್ತೆ, ನಾನು ಅವತ್ತು ಹೋಗಿದ್ದು ಚರ್ಚಿಗೆ."

"ಯಾವತ್ತು?"

"ಬುಧವಾರ. ಆ ವಿಭೂತಿ ನಮ್ಮದು. ನಮ್ಮಲ್ಲೂ ವರ್ಷಕ್ಕೊಂದಿನ ಹಚ್ತಾರೆ."

"ಸ್ವಾಮಿಗಳು ಅಂದಿ."

"ಫಾದರ್‌ನ ನಾವು ಸ್ವಾಮಿಗಳು ಅಂತಲೇ ಅನ್ನದು."

"ಮಣ್ಣು ಅಂದಿದ್ದು?"

"ಅದೂ ನಿಜ. ಅವರು ಅನ್ನದೇ ಹಂಗೆ."

ನೀಲಾಂಬಿಕಮ್ಮ ಅವಳ ಹಣೆ ನೋಡಿದರು. ಅರ್ಧ ಗಂಟೆಯ ಹಿಂದೆ ತಾವೇ ಎಳೆದ ಮೂರು ಗೆರೆ ಇನ್ನೂ ಸರಿಯಾಗಿ ಒಣಗಿರಲಿಲ್ಲ.

"ಇಪ್ಪತ್ತು ದಿನ ಆತು. ಯಾಕೆ ಹೇಳಲಿಲ್ಲ?"

"ನೀವು ಉಣ್ತಿದ್ರಿ. ಹೇಳಿದ್ರೆ ಬಿಡ್ತೀರ ಅಂತ ಹೆದರಿಕೆ ಆತು." ಎಮಿಲ್ಡಾ ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಅದೊಂದೇ ಅಲ್ಲ ಅತ್ತೆ. ದಿನಾ ಹಣೆ ಮುಟ್ತಿದ್ರಿ. ಪಕ್ಕ ಕೂರಿಸ್ಕಳ್ತಿದ್ರಿ. ಅದನ್ನ ಬಿಡಾಕೆ ಮನಸ್ಸಾಗ್ಲಿಲ್ಲ. ಆದ್ರೆ ಲಿಂಗ ಕಟ್ಟಿಸ್ಕಂಡು ಒಳಗೊಳಗೇ ಯೇಸುನ ಕರೆದ್ರೆ ಇಬ್ರಿಗೂ ಮೋಸ. ನನ್ ಕೈಲಿ ಅದು ಆಗಲ್ಲ."

ನೀಲಾಂಬಿಕಮ್ಮ ಕರಡಿಗೆಯನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಲು ಹೋದರು. ಒಂದೇ ಕೈಗೆ ಗಂಟು ಕೂಡಲಿಲ್ಲ. ಎಮಿಲ್ಡಾಳ ಕೈ ತಾನಾಗಿ ಮುಂದೆ ಹೋಯಿತು.

"ಮುಟ್ಟಬ್ಯಾಡ" ಎಂದರು ನೀಲಾಂಬಿಕಮ್ಮ.

ಅಂದು ಅವರು ಉಣ್ಣಲಿಲ್ಲ. ಮಾರನೆಯ ದಿನದಿಂದ ಹಾಲು, ಬಾಳೆಹಣ್ಣು, ಮಂಡಕ್ಕಿ. ಎಮಿಲ್ಡಾ ಹಿಂದಿನ ಜಗಲಿಗೆ ತನ್ನ ಉಪ್ಪಿನ ಡಬ್ಬಿ ಸಾಗಿಸಿಕೊಂಡಳು.

ಸಂಗಮೇಶ್ ಅಂಗಡಿಯಿಂದ ಬಂದವನೇ ಕೂಗಾಡಿದ. "ಯಾರು ಕೇಳಿದ್ರು ನಿನ್ನ? ಬಾಯಿ ಮುಚ್ಕಂಡಿದ್ರೆ ಗಂಟೇನು ಹೋಗ್ತಿತ್ತು? ಒಂದು ದಾರ ಕೊರಳಿಗೆ ಬಿದ್ರೆ ನಿನ್ನ ದೇವರು ಓಡಿ ಹೋಗ್ತಿದ್ನೇನು?"

ಎಮಿಲ್ಡಾ ಅಕ್ಕಿ ಆರಿಸುತ್ತಿದ್ದಳು. ಎದುರು ಮಾತಾಡಲಿಲ್ಲ.

"ಮಾತಾಡು! ಅವ್ವ ಮತ್ತೆ ಮಂಡಕ್ಕಿ ತಿಂತಾಳೆ. ಇದೇನಾ ನಿಮ್ಮ ಕರುಣೆ?"

ಅದು ಚುಚ್ಚಿತು. ಅವಳೂ ಹಗಲಿಡೀ ತನಗೆ ತಾನೇ ಕೇಳಿಕೊಂಡಿದ್ದು ಅದನ್ನೇ. ಸಂಗಮೇಶ್ ಆ ರಾತ್ರಿಯಿಂದ ಪಡಸಾಲೆಯಲ್ಲಿ ಮಲಗಿದ. ಎಮಿಲ್ಡಾ ಸೊರಬಕ್ಕೆ ಅಮ್ಮನಿಗೆ ಫೋನ್ ಮಾಡಿದರೆ, "ಇನ್ನೆರಡು ವಾರ ತಡ್ಕಳದಲ್ವಾ" ಎಂದು ಅವರೂ ಬೇಜಾರು ಮಾಡಿಕೊಂಡರು. ನಿಜ ಹೇಳಿದವಳನ್ನು ಒಬ್ಬರಾದರೂ ಬೆನ್ನು ತಟ್ಟುತ್ತಾರೆಂದು ಅವಳು ಎಲ್ಲೋ ಅಂದುಕೊಂಡಿದ್ದಳು. ಯಾರೂ ತಟ್ಟಲಿಲ್ಲ. ಮಹೇಶ್ವರಪ್ಪ ಕೂಡ ಟಿವಿ ಮುಂದೆ ತಾಟು ಹಿಡಿದು ಕೂತರು.

ಶಿವರಾತ್ರಿಯ ದಿನ ನೀಲಾಂ­ಬಿಕಮ್ಮ ಹಬ್ಬದ ಉಪವಾಸವಿದ್ದರು. ತಪಸ್ಸಿನ ಕಾಲದ ಶುಕ್ರವಾರವಾದ್ದರಿಂದ ಎಮಿಲ್ಡಾಳದೂ ಉಪವಾಸ. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಹಸಿದುಕೊಂಡು, ನಡುವೆ ಒಂದು ಗೋಡೆ ಇಟ್ಟುಕೊಂಡು, ಇಡೀ ದಿನ ಕಳೆದರು. ಬರಬೇಕಿದ್ದ ಅಯ್ಯನವರನ್ನು ಬೇಡವೆಂದು ಮಹೇಶ್ವರಪ್ಪ ಫೋನಿನಲ್ಲೇ ತಡೆದರು.

ಮಾರನೆಯ ದಿನ ಗಂಗಾಶ್ರೀ ಮಕ್ಕಳ ಪರೀಕ್ಷೆ ಮುಗಿಸಿ ತೊಗರ್ಸಿಯಿಂದ ಬಂದಿಳಿದಳು. ಅವಳ ಕೊರಳಲ್ಲಿ ಲಿಂಗವಿತ್ತೋ ಇಲ್ಲವೋ, ಬಾಯಲ್ಲಂತೂ ಇತ್ತು. ಬಂದ ಗಳಿಗೆಯಿಂದ ಒಳಗಿನ ಒಲೆ ತೊಳೆದಳು, ಪಾತ್ರೆ ತೊಳೆದಳು, ನೆಲ ತೊಳೆದಳು, ತೊಳೆಯುತ್ತಾ ಹಿಂದಿನ ಜಗಲಿಗೆ ಕೇಳುವಂತೆ ಮಾತಾಡಿದಳು. ತಾಯಿಯ ಸ್ನಾನ, ಸೀರೆ, ಎಲ್ಲವನ್ನೂ ತಾನೇ ವಹಿಸಿಕೊಂಡಳು. ಎಮಿಲ್ಡಾಗೆ ಆ ಮನೆಯಲ್ಲಿ ಮಾಡಲು ಕೆಲಸವೇ ಉಳಿಯಲಿಲ್ಲ. ಒಗೆದು ಒಣಗಿದ್ದ ಅತ್ತೆಯ ರವಿಕೆಗಳನ್ನು ಹಗ್ಗದಿಂದ ತೆಗೆದು, ತೋಳು ಒಂದು ಬೆರಳು ಹಿಡಿದು ಹೊಲಿದು, ಮಡಿಸಿ ಕಿಟಕಿಯಲ್ಲಿ ಇಟ್ಟಳು. ಯಾರು ಹೊಲಿದರೆಂದು ಯಾರೂ ಕೇಳಲಿಲ್ಲ.

ಹೋಗುವ ಹಿಂದಿನ ದಿನ ಗಂಗಾಶ್ರೀ ತಾಯಿಗೆಂದು ಖಡಕ್ ರೊಟ್ಟಿ ಬಡಿದು ಬಡಿದು ಬುಟ್ಟಿ ತುಂಬುತ್ತಿದ್ದಳು.

"ಬೇಕಂತಲೇ ಮಾಡಿದ್ದು ಅವ್ವ ಅಕಿ. ನಿನ್ನ ನೇಮ ಕೆಡಿಸಬೇಕು ಅಂತ."

ನೀಲಾಂಬಿಕಮ್ಮ ರವಿಕೆಯ ತೋಳು ಸವರಿಕೊಂಡು ಕೂತಿದ್ದರು. "ಕೇಳಿದ್ದು ನಾನು. ಅವಳು ಹೇಳಿದ್ದೆಲ್ಲ ನಿಜಾನೇ. ತಪ್ಪು ತಿಳ್ಕಂಡೋಳು ನಾನು."

"ಆಮೇಲಾದ್ರೂ ಹೇಳಬೋದಿತ್ತಲ್ಲ?"

"ಹೇಳಿದ್ಲಲ್ಲ. ಉಳಿದೋರು ಯಾರೂ ಹೇಳಲಿಲ್ಲ. ನಿಮ್ಮಪ್ಪಂಗೂ ಗೊತ್ತಿತ್ತಂತೆ, ನಿನ್ನ ತಮ್ಮಂಗೂ ಗೊತ್ತಿತ್ತು."

"ಅವರು ನಿನ್ನ ಹೊಟ್ಟಿಗೋಸ್ಕರ..."

"ಹೌದವ್ವ. ಎಲ್ಲಾರೂ ನನ್ನ ಹೊಟ್ಟಿ ನೋಡಿದ್ರು. ನನ್ನ ನೇಮ ಉಳಿಸಿದೋಳು ಭವಿ ಒಬ್ಬಳೇ."

ಗಂಗಾಶ್ರೀ ರೊಟ್ಟಿಯನ್ನು ಜೋರಾಗಿ ಬಡಿದಳು. ಹಿಂದಿನ ಜಗಲಿಯಲ್ಲಿ ಹೊಲಿಗೆ ಮೆಷಿನ್ ಓಡುತ್ತಿತ್ತು. ಎಮಿಲ್ಡಾಗೆ ಇದೊಂದೂ ಕೇಳಿಸಲಿಲ್ಲ.

ಪ್ಲಾಸ್ಟರ್ ತೆಗೆದರು. ನೀಲಾಂಬಿಕಮ್ಮನವರ ಕೈ ಬಡಕಲಾಗಿ ಬೆಳ್ಳಗೆ ಹೊರಬಂತು. ಅಂಗೈ ಸರಿಯಾಗಿ ತಿರುಗಲು ಇನ್ನೂ ಕೆಲವು ದಿನ ಹಿಡಿದವು. ಕೊನೆಗೆ ಒಂದು ಸೋಮವಾರ ತಮ್ಮ ಅಂಗೈಯಲ್ಲೇ ಲಿಂಗವಿಟ್ಟುಕೊಂಡು ಪೂಜೆ ಮಾಡಿದರು. ಬಿಡುಗಡೆಯಾದ ಮಹೇಶ್ವರಪ್ಪ ಬಸ್ ಸ್ಟ್ಯಾಂಡಿನ ಕಡೆ ತಿರುಗಾಡಲು ಹೋದರು. ನೀಲಾಂಬಿಕಮ್ಮ ಒಳಗಿನ ಒಲೆಯ ಮೇಲೆ ತಾವೇ ಹೀರೇಕಾಯಿ ಪಲ್ಯ ಮಾಡಿಕೊಂಡರು. ಮನೆ ಮೊದಲಿನಂತಾಯಿತು. ಎರಡು ಒಲೆ, ಎರಡು ಉಪ್ಪಿನ ಡಬ್ಬಿ.

ಮಧ್ಯಾಹ್ನ ಎಮಿಲ್ಡಾ ಹಿಂದಿನ ಜಗಲಿಯಲ್ಲಿ ತಾಟಿಗೆ ಅನ್ನ ಹಾಕಿಕೊಂಡು ಕೂತಳು. ಕೈ ಜೋಡಿಸಿ ಪ್ರಾರ್ಥನೆ ಮುಗಿಸಿ ಕಣ್ಣು ತೆರೆದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಸ್ನಾನ, ಪೂಜೆ ಎರಡೂ ಆಗಿ ಹಣೆಯ ವಿಭೂತಿ ಬೆಳ್ಳಗಿತ್ತು. ಕೈಯಲ್ಲಿ ಅವರ ತಾಟು, ತಾಟಿನಲ್ಲಿ ಎರಡು ಖಡಕ್ ರೊಟ್ಟಿ, ಪಲ್ಯ. ಎಮಿಲ್ಡಾ ಗಡಬಡಿಸಿ ಏಳಹೋದಳು.

"ಕೂತ್ಕ. ಉಣ್ಣೋ ತಾಟು ಬಿಟ್ಟು ಏಳಬಾರ್ದು."

"ಎಂತ ಬೇಕಿತ್ತು ಅತ್ತೆ?"

"ಏನೂ ಬ್ಯಾಡ."

ಅವರು ಜಗಲಿಯ ಆ ತುದಿಯಲ್ಲಿ, ಗೋಡೆಗೆ ಒರಗಿ, ನೋಯುವ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಿಧಾನವಾಗಿ ಕೂತರು. ತಾಟನ್ನು ಮುಂದಿಟ್ಟುಕೊಂಡರು. ಇಬ್ಬರ ನಡುವೆ ಎರಡು ಮಾರು ನೆಲವಿತ್ತು.

"ನಿನ್ನ ಅಡಿಗಿ ನಾ ಉಣ್ಣಲ್ಲ" ಎಂದರು ನೀಲಾಂಬಿಕಮ್ಮ.

"ಗೊತ್ತು ಅತ್ತೆ."

"ನೀನೂ ನಿಮ್ಮ ದೇವರನ್ನ ಬಿಡಬ್ಯಾಡ."

"ಇಲ್ಲ ಅತ್ತೆ."

"ಒಳಗೆ ಒಬ್ಬಳೇ ಕೂತು ಉಂಡೆ ನಿನ್ನೆ, ಮೊನ್ನೆ. ಅವರು ಟಿವಿ ಮುಂದೆ, ಇವನು ಅಂಗಡಿಯಾಗೆ. ಗಂಟಲಾಗೆ ಇಳೀಲಿಲ್ಲ. ನೀನು ಮೂರು ವರ್ಷ ಹೆಂಗೆ ಉಂಡ್ಯೋ ಏನೋ."

ಎಮಿಲ್ಡಾ ತಲೆಯೆತ್ತಿ ನೋಡಿದಳು.

"ನೋಡಬ್ಯಾಡ" ಎಂದರು ನೀಲಾಂಬಿಕಮ್ಮ ಥಟ್ಟನೆ. "ಉಣ್ಣೋ ಅನ್ನದ ಮ್ಯಾಲೆ ಭವಿ ಕಣ್ಣು ಬೀಳಬಾರ್ದು ಅಂತಿದ್ಲು ನಮ್ಮವ್ವ. ನೀನು ಆ ಕಡಿಗೆ ತಿರುಗಿ ಉಣ್ಣು."

ಎಮಿಲ್ಡಾ ಒಗೆಯುವ ಕಲ್ಲಿನ ಕಡೆ ತಿರುಗಿ ಕೂತಳು. ಅನ್ನ ಕಲಸಿದಳು. ಕಣ್ಣು ತುಂಬಿ ತಾಟು ಕಾಣುತ್ತಿರಲಿಲ್ಲ. ಬೆನ್ನ ಹಿಂದೆ ಅತ್ತೆ ಒಂದೇ ಕೈಯಲ್ಲಿ ರೊಟ್ಟಿ ಮುರಿಯುವ ಸದ್ದು ಕೇಳಿಸಿತು. ಅವಳು ನಿಧಾನವಾಗಿ ಉಣ್ಣತೊಡಗಿದಳು.